ಸುಣ್ಣದ ಗೆರೆಯ ಮೇಲೆ ನನ್ನ ತಂಗಿ

ನನ್ನ ತಂಗಿಯ ಬಲಗಾಲಿನ ಮೀನಖಂಡದ ಮೇಲೆ ವೀಳ್ಯದೆಲೆಯಷ್ಟು ಅಗಲದ ಸುಟ್ಟ ಗುರುತಿದೆ. ಅಂಚೆಲ್ಲ ಕಪ್ಪು, ನಡುವೆ ನುಣುಪಾದ ತೆಳು ಕಂದು. ಬೈಕಿನ ಸೈಲೆನ್ಸರ್ ತಗುಲಿ ಆದದ್ದು. ಖಾಕಿ ಪ್ಯಾಂಟಿನೊಳಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಡ್ಯೂಟಿ ಮುಗಿಸಿ ಬಂದು, ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಅವ್ವನ ಹತ್ತಿರ ಕಾಫಿ ಕೇಳುವಾಗ ಮಾತ್ರ ಕಾಣುತ್ತದೆ.

ಆ ಗುರುತಿಗೆ ಕಾರಣ ನಾನೇ. ಅವಳಿಗೆ ಗಾಡಿ ಕಲಿಸಿದವನು ನಾನು. ಅದಕ್ಕಾಗಿ ನನಗೆ ಬೇಸರವಿಲ್ಲ, ಅವಳಿಗೂ ಇಲ್ಲ. ನನ್ನನ್ನು ಕೊರೆಯುವುದು ಬೇರೆ. ಅದೇ ಗಾಡಿಯ ಮೇಲೆ, ಊರಿನ ಹುಡುಗರೆಲ್ಲರ ಎದುರಿಗೆ, ಸುಣ್ಣದ ಗೆರೆಯ ಮೇಲೆ ಅವಳು ಕುಳಿತಿದ್ದ ದಿನ, ಪಕ್ಕದಲ್ಲಿ ನಿಂತು ಒಂದು ಮಾತು ಹೇಳಬೇಕಾಗಿದ್ದವನು ನಾನು. ನಾನು ನಿಲ್ಲಲಿಲ್ಲ. ಎಳನೀರು ಮಾರುವವನ ತಳ್ಳುಗಾಡಿಯ ಹಿಂದೆ ಬಚ್ಚಿಟ್ಟುಕೊಂಡು ನೋಡುತ್ತಿದ್ದೆ.

ನಾನು ಓದಿದ್ದು ಏಳನೆಯ ಕ್ಲಾಸು. ಅಪ್ಪ ತೀರಿಕೊಂಡ ಮೇಲೆ ನಂಜನಗೂಡಿನ ಊಟಿ ರಸ್ತೆಯ ಒಂದು ಗ್ಯಾರೇಜಿಗೆ ಸೇರಿದೆ. ಆಮೇಲೆ ಅದೇ ರಸ್ತೆಯಲ್ಲಿ ನನ್ನದೇ ಗ್ಯಾರೇಜು ಹಾಕಿದೆ. ತಂಗಿ ನನಗಿಂತ ಏಳು ವರ್ಷ ಚಿಕ್ಕವಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಶಾಲೆ ಬಿಟ್ಟರೆ ನೇರ ಗ್ಯಾರೇಜಿಗೆ ಬಂದು ಟೈರಿನ ಮೇಲೆ ಕುಳಿತುಕೊಳ್ಳುತ್ತಿದ್ದಳು. ನಟ್ಟು ಬಿಗಿ ಮಾಡಿದ ಮೇಲೂ ನಾನು ಎರಡೆರಡು ಸಲ ಸ್ಪ್ಯಾನರ್ ಹಾಕಿ ನೋಡುವುದನ್ನು ಕಂಡು ನಗುತ್ತಿದ್ದಳು. ಒಂದು ಮದುವೆಗೆ ಹೋಗುವ ಮುಂಚೆ ಬಳೆ ಅಂಗಡಿಯಿಂದ ಕೆಂಪು ಉಗುರುಬಣ್ಣದ ಶೀಸೆ ತಂದುಕೊಂಡಳು. ಅವ್ವ ಬೈದಳು. ಶೀಸೆ ಗ್ಯಾರೇಜಿಗೆ ಬಂತು.

"ಅಣ್ಣ, ಇದು ನೀನೇ ಮಡಿಕ. ಮನೇಲಿದ್ರೆ ಅವ್ವ ಹೊಳೆಗೆ ಎಸಿತಳೆ."

"ನಾನೇನ್ ಮಾಡ್ಲಿ ಇದ್ನ? ಉಗುರಿಗೆ ಹಚ್ಕಂಡು ಆಕ್ಸಲ್ ಬಿಚ್ಲಾ?"

ಅವಳು ಸುಮ್ಮನಿರಲಿಲ್ಲ. ನಾನು ಆಗತಾನೇ ಬಿಗಿ ಮಾಡಿದ್ದ ಒಂದು ನಟ್ಟಿನ ಮೇಲಿಂದ ಚಕ್ರದ ಅಚ್ಚಾದ ಆಕ್ಸಲಿನ ತುದಿಯವರೆಗೆ ಆ ಬಣ್ಣದಲ್ಲಿ ಒಂದು ಗೀಟು ಎಳೆದಳು. "ನಟ್ಟು ತಿರುಗುದ್ರೆ ಗೀಟು ಮುರಿತದೆ. ಇನ್ಮೇಲೆ ಸ್ಪ್ಯಾನರ್ ಹಾಕ್ಬೇಡ, ಕಣ್ಣಾಕು ಸಾಕು" ಎಂದಳು. ಆಟಕ್ಕೆ ಮಾಡಿದ್ದು. ಆದರೆ ಅವತ್ತಿನಿಂದ ನನ್ನ ಕೈಯಿಂದ ಹೋದ ಪ್ರತಿ ಗಾಡಿಯ ಚಕ್ರದ ನಟ್ಟಿನ ಮೇಲೂ ಕೆಂಪು ಗೀಟು ಇರುತ್ತದೆ. ಶೀಸೆ ಖಾಲಿಯಾದರೆ ಅದೇ ಬಣ್ಣದ ಇನ್ನೊಂದು ತರುತ್ತೇನೆ. ಬಳೆ ಅಂಗಡಿಯವರಿಗೆ ಅದು ನಗೆಯ ವಿಷಯ.

ಅಪ್ಪ ಬಿಟ್ಟುಹೋದ ಹಳೆಯ ಟೂ-ಸ್ಟ್ರೋಕ್ ಬೈಕೊಂದು ಮನೆಯಲ್ಲಿತ್ತು. ಕಪಿಲೆ ಹೊಳೆಯ ದಂಡೆಯ ಬಯಲಿನಲ್ಲಿ ಅದರ ಮೇಲೆ ತಂಗಿಗೆ ಓಡಿಸುವುದನ್ನು ಕಲಿಸಿದೆ. ಮೊದಲ ವಾರವೇ ಬಿದ್ದಳು. ಗಾಡಿ ಕಾಲಿನ ಮೇಲೆ, ಸೈಲೆನ್ಸರ್ ಮೀನಖಂಡದ ಮೇಲೆ. ನಾನು ಓಡಿಹೋಗಿ ಎತ್ತಿದರೆ ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, "ಗಾಡಿಗೇನೂ ಆಗಿಲ್ಲ ತಾನೆ?" ಎಂದು ಕೇಳಿದಳು. ಆಗಲೇ ಅಂದುಕೊಂಡೆ, ಇವಳು ಮನೆಯಲ್ಲಿ ಕೂರುವವಳಲ್ಲ.

ಕೂರಲಿಲ್ಲ. ಪಿಯುಸಿ ಮುಗಿಸಿ ಪೊಲೀಸ್ ಪರೀಕ್ಷೆ ಬರೆದಳು, ಓಟದಲ್ಲಿ ಗೆದ್ದಳು, ಕಾನ್‌ಸ್ಟೇಬಲ್ ಆದಳು, ಆಮೇಲೆ ಹೆಡ್ ಕಾನ್‌ಸ್ಟೇಬಲ್ ಆದಳು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಹೆಣ್ಣುಮಗಳು ಖಾಕಿ ಹಾಕಿದ್ದು ಅವಳೇ ಮೊದಲು. ಅವ್ವನಿಗೆ ಒಳಗೊಳಗೇ ಹೆಮ್ಮೆ, ಹೊರಗೆ ಮಾತ್ರ, "ಎಣ್ಮಗ ಲಾಠಿ ಹಿಡ್ಕಂಡು ತಿರುಗ್ತಾಳೆ, ಯಾವನ್ ಕಟ್ಕತ್ತಾನೆ" ಎಂಬ ಗೊಣಗು. ಕಟ್ಟಿಕೊಂಡವನು ಬಂದ. ಒಳ್ಳೆಯವನೇ, ಹುಲ್ಲಹಳ್ಳಿಯ ಕಡೆಯ ಶಾಲೆ ಮೇಷ್ಟರು. ಅವ್ವನ ಗೊಣಗು ಮಾತ್ರ ಇವತ್ತಿಗೂ ನಿಂತಿಲ್ಲ.

ತಂಗಿಗೆ ಒಂದು ಮಾತು ಅಭ್ಯಾಸ. ಯಾರಾದರೂ ಗಾಡಿಯ ಮೇಲೆ ಕುಳಿತೇ, ಎಂಜಿನ್ ಓಡುತ್ತಿರುವಾಗಲೇ ಅವಳ ಹತ್ತಿರ ವಾದಕ್ಕೆ ಬಂದರೆ, "ಆಫ್ ಮಾಡು. ಸ್ಟ್ಯಾಂಡ್ ಹಾಕ್ಬುಟ್ಟು ಮಾತಾಡು" ಎನ್ನುತ್ತಾಳೆ. ದೊಡ್ಡವರಿಗೂ ಅದೇ, ಚಿಕ್ಕವರಿಗೂ ಅದೇ. ಒಮ್ಮೆ ಅವ್ವ ಅಡುಗೆ ಮನೆಯಿಂದ ಏನೋ ಕೂಗಾಡುತ್ತಿದ್ದಾಗ ಅವಳಿಗೂ ಹೇಳಿದಳು. ಅವ್ವ ಸೌಟು ಎತ್ತಿಕೊಂಡು ಬಂದಳು. ಆದರೆ ರಸ್ತೆಯಲ್ಲಿ ಆ ಮಾತು ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ಸ್ಟ್ಯಾಂಡ್ ಹಾಕಿ ಕೆಳಗಿಳಿದ ಹುಡುಗನ ಅರ್ಧ ಜೋರು ಅಲ್ಲೇ ಇಳಿದುಹೋಗುತ್ತದೆ.

ಈಗ ಆ ಹುಡುಗರ ವಿಷಯಕ್ಕೆ ಬರುತ್ತೇನೆ. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಗೆ ಹೊಸದಾಗಿ ಡಾಂಬರು ಹಾಕಿದ ಮೇಲೆ ಭಾನುವಾರ ಬೆಳಿಗ್ಗೆ ಅಲ್ಲಿ ಬೈಕ್ ರೇಸು ಶುರುವಾಯಿತು. ಎರಡು ಗಾಡಿ ಅಕ್ಕಪಕ್ಕ ನಿಲ್ಲುತ್ತವೆ. ನೇರ ರಸ್ತೆ. ಯಾರು ಮೊದಲು ಮುಟ್ಟುತ್ತಾರೆ ಅನ್ನುವುದಷ್ಟೇ ಲೆಕ್ಕ. ಹುಡುಗರು ಇದನ್ನು ಡ್ರ್ಯಾಗ್ ಅನ್ನುತ್ತಾರೆ. ನಾಲೆಯ ಪಕ್ಕದ ಆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು, ಹಾಲು ಹಾಕಲು ಹೋಗುವ ಹೆಂಗಸರು, ದನಕರು. ಮೊಬೈಲಿನಲ್ಲಿ ವಿಡಿಯೋ ಮಾಡಿ ಹಂಚುವುದು ಬೇರೆ.

ಆ ಗಾಡಿಗಳನ್ನು ತಯಾರು ಮಾಡಿಕೊಡುತ್ತಿದ್ದವರಲ್ಲಿ ನಾನೂ ಒಬ್ಬ. ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಬೇಕು. ಸೈಲೆನ್ಸರ್ ಬದಲಿಸುವುದು, ಚೈನಿನ ಹಲ್ಲುಚಕ್ರವಾದ ಸ್ಪ್ರಾಕೆಟ್ ಬದಲಿಸುವುದು, ತೂಕ ಇಳಿಸಲು ಮಡ್‌ಗಾರ್ಡು, ಕನ್ನಡಿ, ಹಿಂದಿನ ಸೀಟು ಎಲ್ಲ ಕಿತ್ತುಹಾಕುವುದು. ಹುಡುಗರು ನನ್ನನ್ನು ಗುರು ಎಂದು ಕರೆಯುತ್ತಿದ್ದರು. ಸಾಯಂಕಾಲ ಗ್ಯಾರೇಜಿನ ಮುಂದೆ ಐದಾರು ಗಾಡಿ ನಿಂತಿರುತ್ತಿದ್ದವು. ನನಗೆ ಅದು ಇಷ್ಟವಾಗುತ್ತಿತ್ತು. ತಂಗಿಯ ಎದುರು ಆ ಮಾತು ಎತ್ತುತ್ತಿರಲಿಲ್ಲ.

ಬಿಳಿಗೆರೆಯ ಕಡೆಯ ಒಬ್ಬ ಹುಡುಗನಿದ್ದ. ಡಿಗ್ರಿ ಓದುತ್ತಿದ್ದ, ನಗುಮುಖದವನು. ಒಂದು ದಿನ ಬಂದು, "ಗುರು, ಮುಂದ್ಗಡೆ ಬ್ರೇಕ್ ಸೆಟ್ಟು ಪೂರ್ತಿ ಬಿಚ್ಬುಡಿ. ಡಿಸ್ಕು, ಕ್ಯಾಲಿಪರ್ರು ಎಲ್ಲ. ತೂಕ ಎಳೀತದೆ" ಎಂದ.

"ನಿಲ್ಸೋದೆಂಗ್ಲಾ?"

"ಹಿಂದ್ಗಡೆದು ಅದೆಯಲ್ಲ. ಒಂದ್ ಭಾನ್ವಾರ ಅಷ್ಟೇ. ಸೋಮ್ವಾರ ತಂದು ಹಾಕುಸ್ಕತೀನಿ."

ಬಿಚ್ಚಿಕೊಟ್ಟೆ. ಚಕ್ರ ಮತ್ತೆ ಹಾಕಿ ಆಕ್ಸಲ್ ನಟ್ಟು ಬಿಗಿ ಮಾಡಿ, ಅಭ್ಯಾಸದಂತೆ ಕೆಂಪು ಗೀಟನ್ನೂ ಎಳೆದೆ.

ಆ ಭಾನುವಾರ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ನಮ್ಮ ಕಡೆ ಕೊಯ್ಲಿನ ಕಾಲದಲ್ಲಿ ಹುರುಳಿ, ರಾಗಿ ಎಲ್ಲ ಹೀಗೇ ಟಾರು ರಸ್ತೆಗೆ ಬರುತ್ತದೆ. ಓಡಾಡುವ ಗಾಡಿಗಳ ಚಕ್ರವೇ ಕಾಳು ಬಿಡಿಸಿಕೊಡುತ್ತದೆ. ಹುಡುಗ ಅದನ್ನು ಕಂಡು ಬ್ರೇಕ್ ಒತ್ತಿದ. ಹಿಂದಿನದೊಂದೇ ಇತ್ತು. ಹುರುಳಿ ಸೊಪ್ಪಿನ ಮೇಲೆ ಗಾಡಿ ಅಡ್ಡಡ್ಡ ಜಾರಿಕೊಂಡು ಹೋಗಿ ನಾಲೆಯ ಕಟ್ಟೆಗೆ ಬಡಿಯಿತು. ಸೊಪ್ಪು ತಿರುವುತ್ತಿದ್ದ ಹೆಂಗಸು ಎರಡು ಹೆಜ್ಜೆ ಆಚೆ ಇದ್ದುದರಿಂದ ಉಳಿದಳು. ಹುಡುಗನ ಎಡಗಾಲು ತೊಡೆಯ ಹತ್ತಿರ ಮುರಿಯಿತು. ಜೀವ ಉಳಿಯಿತು. ಕಾಲು ಇವತ್ತಿಗೂ ಕುಂಟುತ್ತದೆ.

ಜಖಂ ಆದ ಗಾಡಿ ಠಾಣೆಯ ಅಂಗಳಕ್ಕೆ ಬಂತು. ಮಾರನೆಯ ದಿನ ಮಧ್ಯಾಹ್ನ ತಂಗಿ ಯೂನಿಫಾರ್ಮಿನಲ್ಲೇ ನನ್ನ ಗ್ಯಾರೇಜಿಗೆ ಬಂದಳು. ಕೂರಲಿಲ್ಲ. ಕಾಫಿ ಬೇಡ ಅಂದಳು.

"ಅಣ್ಣ, ಆ ಹುಡುಗುನ್ ಗಾಡಿಲಿ ಮುಂದಿನ ಬ್ರೇಕೇ ಇಲ್ಲ. ಯಾರ್ ಬಿಚ್ಚಿದ್ದು?"

"ನಂಗೇನ್ ಗೊತ್ತವ್ವ? ಊರ್ ತುಂಬ ಗ್ಯಾರೇಜವೆ" ಎಂದೆ.

ಅವಳು ಹಲಗೆಯ ಮೇಲಿದ್ದ ಕೆಂಪು ಶೀಸೆಯ ಕಡೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಸರಿ ಕಣಣ್ಣ" ಎಂದು ಹೊರಟುಹೋದಳು. ಆ ಗೀಟು ಎಳೆಯುವುದನ್ನು ನನಗೆ ಕಲಿಸಿದವಳು ಅವಳು. ಠಾಣೆಯ ಅಂಗಳದಲ್ಲಿ ಆ ಗಾಡಿಯ ಮುಂದೆ ಅವಳು ಕುಕ್ಕರಗಾಲಲ್ಲಿ ಕುಳಿತು ನಟ್ಟು ನೋಡಿದ ಗಳಿಗೆಯನ್ನು ನಾನು ಎಷ್ಟು ಸಲ ಊಹಿಸಿಕೊಂಡಿದ್ದೇನೋ.

ಆಗ ಅವಳು ಏನು ಮಾಡಿದಳೆಂಬುದು ನನಗೆ ಬಹಳ ದಿನದ ಮೇಲೆ ಅವಳ ಜೊತೆಯ ಪೊಲೀಸರಿಂದ ತಿಳಿಯಿತು. ಅವತ್ತೇ ಇನ್ಸ್‌ಪೆಕ್ಟರ್ ಮುಂದೆ ನಿಂತು, "ಸರ್, ಇದ್ರಲ್ಲಿ ನಮ್ಮನೆಯವ್ರು ಇರಬಹುದು. ನಾನು ನೋಡಿದ್ರೆ ಸರಿಯಿರಲ್ಲ. ಬೇರೆಯವ್ರಿಗೆ ಕೊಡಿ" ಎಂದಳಂತೆ. ಬೇರೆಯವರು ಬಂದು ಎಲ್ಲ ಗ್ಯಾರೇಜಿನವರನ್ನೂ ಕೇಳಿದರು. ನನ್ನನ್ನೂ ಕೇಳಿದರು. ನಾನು ಎರಡನೆಯ ಸಲವೂ ಸುಳ್ಳು ಹೇಳಿದೆ. ಹುಡುಗನೂ ನನ್ನ ಹೆಸರು ಎತ್ತಲಿಲ್ಲ.

ಇಷ್ಟಾದ ಮೇಲೆ ಅವಳು ಶುರು ಮಾಡಿದ ಕೆಲಸವೇ ಅವಳನ್ನು ಎಲ್ಲರಿಗೂ ಪರಿಚಯ ಮಾಡಿಸಿದ್ದು. ಠಾಣೆಯವರು ಅಲ್ಲಿಯವರೆಗೆ ಹುಡುಗರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಅವರು ಇನ್ನೂ ಜೋರಾಗಿ ಓಡುತ್ತಿದ್ದರು. ತಂಗಿ ಹೋಗಿ ಇನ್ಸ್‌ಪೆಕ್ಟರ್ ಹತ್ತಿರ, "ನಾವು ಅಟ್ಟಿಸ್ಕಂಡ್ ಹೋಗಿ ಬಿದ್ ಸತ್ರೆ ಕೊಂದೋರು ನಾವೇ ಆಯ್ತೀವಿ ಸರ್. ಅವ್ರಿಗೆ ಬೇಕಾಗಿರೋದು ಒಂದು ನೇರ ರಸ್ತೆ. ನಾವೇ ಕೊಟ್ಟು ನೋಡಾನ" ಎಂದಳಂತೆ. ಅವರು ಮೊದಲು ನಕ್ಕರಂತೆ. ಆಮೇಲೆ ಯೋಚನೆ ಮಾಡಿದರಂತೆ. ಒಳ್ಳೆಯ ಮನುಷ್ಯ. ಮೇಲಿನವರಿಂದ ಅನುಮತಿ ತರಲು ಅವರೇ ಓಡಾಡಿದರು.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಇನ್ನೂ ಕಾರ್ಖಾನೆ ಬಾರದ ಕಡೆ ಒಂದು ಅಗಲವಾದ ಸಿಮೆಂಟ್ ರಸ್ತೆಯಿತ್ತು. ಭಾನುವಾರ ಬೆಳಿಗ್ಗೆ ಎರಡೂ ಕಡೆ ಬ್ಯಾರಿಕೇಡ್ ಹಾಕಿ ಅದನ್ನು ಮುಚ್ಚಿಸಿದರು. ಅಂಚಿನುದ್ದಕ್ಕೂ ಭತ್ತದ ಹುಲ್ಲಿನ ಹೊರೆ ಇಡಿಸಿದರು. ಕೊನೆಯಲ್ಲಿ ಮರಳು ಹರಡಿಸಿದರು. ಆಂಬುಲೆನ್ಸ್ ನಿಂತಿತು. ಶುರುವಿಗೆ ಒಂದು ಸುಣ್ಣದ ಗೆರೆ, ಕೊನೆಗೆ ಒಂದು. ಹೆಲ್ಮೆಟ್, ಲೈಸೆನ್ಸ್, ಎರಡು ಬ್ರೇಕ್ ಇದ್ದವರು ಬಂದು ಓಡಿಸಬಹುದು. ಎದುರಾಳಿ ಬೇಕಾದರೆ ಪೊಲೀಸರೇ ಬರುತ್ತಾರೆ.

ಇದೆಲ್ಲ ಬೇರೆಯವರೂ ಯೋಚಿಸಬಹುದಾಗಿತ್ತು. ಅವಳು ಒಬ್ಬಳೇ ಯೋಚಿಸಿದ್ದು ಇನ್ನೊಂದು ನಿಯಮ. ಪ್ರತಿ ಗಾಡಿಯ ಜೊತೆ ಅದನ್ನು ಕೈಯಾರೆ ನೋಡಿದ ಮೆಕ್ಯಾನಿಕ್ ಬರಬೇಕು. ಗೆರೆಯ ಮೇಲೆ ಟ್ಯಾಂಕಿನ ಮೇಲೆ ಕೈಯಿಟ್ಟು ನಿಲ್ಲಬೇಕು. ಎಲ್ಲರಿಗೂ ಕೇಳುವಂತೆ, "ಈ ಗಾಡಿ ನಾ ನೋಡಿವ್ನಿ, ಎರಡೂ ಬ್ರೇಕ್ ಹಿಡೀತದೆ" ಅನ್ನಬೇಕು. ಆಮೇಲೇ ಬಾವುಟ. ನಿಲ್ಲುವವರಿಲ್ಲದ ಗಾಡಿ ಓಡುವಂತಿಲ್ಲ.

ಊರಿನ ಮೆಕ್ಯಾನಿಕ್‌ಗಳನ್ನೆಲ್ಲ ಠಾಣೆಯ ಮುಂದಿನ ಹೊಂಗೆ ಮರದ ಕೆಳಗೆ ಕರೆದು ಅವಳೇ ಹೇಳಿದಳು. ನಾನೂ ಹಿಂದಿನ ಸಾಲಿನಲ್ಲಿದ್ದೆ.

"ಗಾಡಿ ಬಿದ್ರೆ ಹುಡುಗುನ್ ಹೆಸರು ಮಾತ್ರ ಪೇಪರ್‌ಗೆ ಬತ್ತದೆ. ಅದಕ್ಕೆ ಕೈ ಹಾಕ್ದೋರ್ ಹೆಸರು ಬರಲ್ಲ. ನಾ ಯಾರ್ನೂ ಹಿಡ್ಯಕ್ಕೆ ಕರ್ದಿಲ್ಲ. ನಿಂತ್ಕಳಿ ಅಂತ ಕರ್ದಿವ್ನಿ. ಬಾಯ್ಬುಟ್ಟು ಹಿಡೀತದೆ ಅನ್ಬೇಕಾದ್ರೆ ಯಾವನೂ ಬ್ರೇಕ್ ಬಿಚ್ಚಲ್ಲ."

ಯಾರೋ ಒಬ್ಬ, "ಮೇಡಂ, ನೀವೂ ಓಡುಸ್ತೀರಂತೆ, ನಿಮ್ ಗಾಡಿಗ್ಯಾರು?" ಎಂದು ಚುಡಾಯಿಸಿದ.

"ನಮ್ಮಣ್ಣ" ಎಂದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಅಪ್ಪನ ಗಾಡಿಯನ್ನು ಮೊದಲ ಓಟದ ಹಿಂದಿನ ದಿನ ನನ್ನ ಗ್ಯಾರೇಜಿನಲ್ಲಿ ಬಿಟ್ಟುಹೋದಳು. ನಾನು ಒಂದೊಂದು ನಟ್ಟನ್ನೂ ಬಿಚ್ಚಿ ನೋಡಿ ಹಾಕಿದೆ. ಎರಡೂ ಬ್ರೇಕಿಗೆ ಹೊಸ ಲೈನರ್ ಹಾಕಿದೆ. ಕೆಂಪು ಗೀಟು ಎಳೆದೆ. ಸಂಜೆ ಅವಳು ಬಂದು ತೆಗೆದುಕೊಂಡು ಹೋಗುವಾಗ, "ನಾಳೆ ಏಳಕ್ಕೆ ಬಾ" ಎಂದಳು. "ಬತ್ತೀನಿ" ಎಂದೆ.

ಬಂದೆ. ಆದರೆ ಗೆರೆಯವರೆಗೆ ಬರಲಿಲ್ಲ. ಬಹಳ ಜನ ಸೇರಿದ್ದರು. ನನ್ನ ಗಿರಾಕಿ ಹುಡುಗರೆಲ್ಲ ಅಲ್ಲೇ ಇದ್ದರು. ಅವರಿಗೆಲ್ಲ ನಾನು ಯಾವ ಗಾಡಿಯಿಂದ ಏನು ಬಿಚ್ಚಿದ್ದೇನೆ ಅನ್ನುವುದು ಗೊತ್ತು. ಬಿಳಿಗೆರೆ ಹುಡುಗನಿಗೆ ಗೊತ್ತು. ಅವನ ಗೆಳೆಯರಿಗೆ ಗೊತ್ತು. ಬ್ರೇಕ್ ಹಿಡಿಯುತ್ತೆ ಎಂದು ನಾನು ಕೂಗಿ ಹೇಳಿದರೆ ಅವರಲ್ಲಿ ಒಬ್ಬ ನಕ್ಕರೂ ಸಾಕಾಗಿತ್ತು. ಅದೂ ಅಲ್ಲದೆ, ಪೊಲೀಸ್ ಪಕ್ಕ ನಿಂತರೆ ನಾಳೆ ಯಾವನೂ ನನ್ನನ್ನು ಗುರು ಅನ್ನುವುದಿಲ್ಲ ಎಂಬ ಭಯ. ಕಾಲು ತಾನಾಗಿ ಎಳನೀರಿನವನ ಗಾಡಿಯ ಹಿಂದೆ ಹೋಯಿತು.

ಒಂದೊಂದೇ ಜೋಡಿ ಓಡಿತು. ಮೆಕ್ಯಾನಿಕ್‌ಗಳು ಮೊದಮೊದಲು ನಾಚಿಕೊಂಡು ಗೊಣಗಿದರು. "ಕೇಳ್ಸಲ್ಲ, ಜೋರಾಗೇಳಿ!" ಎಂದು ಜನ ಕೂಗಿದರು. ಆಮೇಲೆ ಅವರಿಗೂ ಹುರುಪು ಬಂತು. ಕೊನೆಗೆ ತಂಗಿಯ ಸರದಿ. ಎದುರಾಳಿಯಾಗಿ ಹೊಸ ಬೈಕಿನ ಹುಡುಗನೊಬ್ಬ ನಿಂತಿದ್ದ. ಅಪ್ಪನ ಹಳೆಯ ಗಾಡಿ ನೋಡಿ ಎಲ್ಲರೂ ಶಿಳ್ಳೆ ಹೊಡೆದರು. ಅವಳು ಹೆಲ್ಮೆಟ್ ಹಾಕಿ, ಗೆರೆಯ ಮೇಲೆ ಮುಂದಿನ ಚಕ್ರ ಇಟ್ಟು, ಒಂದು ಕಾಲು ಊರಿ ಕಾದಳು. ಅತ್ತ ನೋಡಿದಳು, ಇತ್ತ ನೋಡಿದಳು. ಜೊತೆಯ ಪೊಲೀಸ್ ಒಬ್ಬರು ಬಂದು, "ಬುಡು, ನಾ ನಿಂತ್ಕತೀನಿ" ಎಂದರು. ಅವಳು ಬೇಡವೆಂದು ತಲೆಯಾಡಿಸಿದಳು. ಇನ್ನಷ್ಟು ಹೊತ್ತು ಕಾದಳು. ಎಂಜಿನ್ ಆಫ್ ಮಾಡಿದಳು. ಗಾಡಿಯನ್ನು ಗೆರೆಯಿಂದ ಹಿಂದಕ್ಕೆ ತಳ್ಳಿ ಸ್ಟ್ಯಾಂಡ್ ಹಾಕಿದಳು. ಹೆಲ್ಮೆಟ್ ತೆಗೆದು ಮೈಕ್ ಹಿಡಿದಳು.

"ನನ್ ಗಾಡಿಗೆ ನಿಲ್ಲೋರು ಬಂದಿಲ್ಲ. ನಾನು ಓಡ್ಸಂಗಿಲ್ಲ."

"ಮೇಡಂ ಎದ್ರುಕಂಡ್ರು!" ಎಂದು ಒಬ್ಬ ಕೂಗಿದ. ನಗು ಎದ್ದಿತು. "ಮನೇಲಿ ಮುದ್ದೆ ತಿರುವಕ್ಕೆ ಹೊತ್ತಾಯ್ತಂತೆ!" ಎಂದ ಇನ್ನೊಬ್ಬ. ಅವಳು ಕೆಂಪಾಗಲಿಲ್ಲ, ಬೈಯಲಿಲ್ಲ. ನಗು ಮುಗಿಯುವವರೆಗೆ ಮೈಕ್ ಹಿಡಿದು ನಿಂತಿದ್ದಳು. ಆಮೇಲೆ, "ನಿಯಮ ಮಾಡ್ದೋಳೇ ಮುರುದ್ರೆ ನಿಮ್ಗೆ ಯಾವ್ ಬಾಯಲ್ ಹೇಳ್ಲಿ?" ಎಂದಳು. ಆ ಹೊತ್ತಿಗೆ ನನಗೆ ಅವಳ ಬಗ್ಗೆ ಬಂದ ಹೆಮ್ಮೆಯೂ ನನ್ನ ಬಗ್ಗೆ ಬಂದ ಹೇಸಿಗೆಯೂ ಒಂದೇ ಸಲ ಬಂದವು. ಎಳನೀರಿನವನು, "ಯಾಕಣ್ಣ, ಮೈಯೇನಾದ್ರೂ ಸರಿಯಿಲ್ವಾ?" ಎಂದು ಕೇಳಿದ.

ಅವತ್ತು ಸಂಜೆ ಅವಳು ನಮ್ಮ ಮನೆಗೆ ಬಂದಳು. ಯಾವತ್ತಿನಂತೆ ಊಟ ಮಾಡಿದಳು. ಅವ್ವನ ಉಪ್ಸಾರಿಗೆ ಖಾರ ಕಡಿಮೆ ಎಂದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಒಂದು ಸುಳ್ಳು ತಯಾರು ಮಾಡಿಟ್ಟುಕೊಂಡಿದ್ದೆ.

ಹುಡುಗರು ಕ್ರಮೇಣ ಅವಳ ಕಡೆ ಬಂದದ್ದು ಅವಳು ಗೆರೆಯಿಂದ ಹಿಂದೆ ಸರಿದ ದಿನದಿಂದಲೇ ಎಂದು ಈಗ ಎಲ್ಲರೂ ಹೇಳುತ್ತಾರೆ. ಆಮೇಲೆ ಅಲ್ಲಿ ಮತ್ತೆ ಮತ್ತೆ ಓಟ ನಡೆಯಿತು. ಅವಳು ಒಂದು ಪದ್ಧತಿ ಇಟ್ಟಿದ್ದಳು. ಓಡಿಸಿ ಮುಗಿಸಿದವರು ಗಾಡಿ ಆಫ್ ಮಾಡಿ, ಅಷ್ಟು ದೂರವನ್ನೂ ತಳ್ಳಿಕೊಂಡು ವಾಪಸ್ ಬರಬೇಕು. ಗೆದ್ದವನೂ ಅಷ್ಟೇ, ಸೋತವನೂ ಅಷ್ಟೇ. ತಳ್ಳಿಕೊಂಡು ಬರುವಾಗ ಅವಳು ಅವರ ಪಕ್ಕ ನಡೆಯುತ್ತಿದ್ದಳು. ಭಾಷಣವಿಲ್ಲ.

"ಈ ಹುಲ್ಲೊರೆ ಯಾತಕ್ಕಿಟ್ಟಿರದು ಗೊತ್ತೇನ್ಲಾ?"

"ಬಿದ್ರೆ ಪೆಟ್ಟಾಗ್ಬಾರ್ದು ಅಂತ, ಮೇಡಂ."

"ನರಸೀಪುರದ ರೋಡಲ್ಲಿ ಓಡುಸ್ತಿದ್ದಲ್ಲ, ಅಲ್ಲಿ ನಿಂಗೆ ಯಾರಿಟ್ಟಿದ್ರು?"

ಹುಡುಗ ತಲೆ ತಗ್ಗಿಸಿ ತಳ್ಳುತ್ತಿದ್ದ. "ಅಲ್ಲಿ ಹುರುಳಿ ತಿರುವೋ ಅವ್ವಂಗೆ ಯಾರಿಟ್ಟಿದ್ರು?" ಎನ್ನುತ್ತಿದ್ದಳು. ಅಷ್ಟೇ. ಮುಂದೆ ಅವರವರ ಊರು, ಬೆಳೆ, ಪರೀಕ್ಷೆಯ ಮಾತು. ಓಡಿಸಿದ್ದು ಒಂದೇ ಉಸಿರಿನ ಹೊತ್ತು. ತಳ್ಳುವಾಗ ಮಾತಿಗೆ ಬೇಕಾದಷ್ಟು ಸಮಯ.

ಕುಂಟುವ ಬಿಳಿಗೆರೆ ಹುಡುಗನನ್ನು ಅವಳೇ ಮನೆಗೆ ಹೋಗಿ ಕರೆತಂದಳು. "ಓಡ್ಸಕ್ಕಾಗಲ್ಲ ಅಂತ ಕೂತಿದ್ದೀಯಲ್ಲ, ಬಾವುಟ ಬೀಸಕ್ಕೆ ಕೈಗೇನಾಗದೆ?" ಎಂದಳಂತೆ. ಅಲ್ಲಿಂದ ಮುಂದೆ ಗೆರೆಯ ಪಕ್ಕದಲ್ಲಿ ಹಸಿರು ಬಾವುಟ ಹಿಡಿದು ನಿಲ್ಲುವವನು ಅವನೇ. ಅವನು ನಡೆದು ಬಂದು ಜಾಗಕ್ಕೆ ನಿಲ್ಲುವುದನ್ನು ನೋಡಿದರೇ ಹುಡುಗರು ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತಾರೆ.

ನರಸೀಪುರ ರಸ್ತೆಯಲ್ಲಿ ರೇಸು ಪೂರ್ತಿ ನಿಂತಿತು ಎಂದರೆ ಸುಳ್ಳಾಗುತ್ತದೆ. ಆದರೆ ಭಾನುವಾರ ಬೆಳಿಗ್ಗೆ ಈಗ ಹೆಂಗಸರು ನಿಶ್ಚಿಂತೆಯಿಂದ ಹುರುಳಿ ಹರಡುತ್ತಾರೆ. ನಾನೇ ಹೋಗಿ ನೋಡಿಬಂದಿದ್ದೇನೆ. ನನ್ನ ಗ್ಯಾರೇಜಿಗೆ ಬ್ರೇಕ್ ಬಿಚ್ಚಿಸಲು ಯಾರೂ ಬರುವುದಿಲ್ಲ. ಬಂದರೂ ನಾನು ಮುಟ್ಟುವುದಿಲ್ಲ.

ಒಂದು ಮಾತ್ರ ಬದಲಾಗಲಿಲ್ಲ. ಪ್ರತಿ ಓಟಕ್ಕೂ ಮುಂಚೆ ಅವಳು ಅಪ್ಪನ ಗಾಡಿಯನ್ನು ತಂದು ನನ್ನ ಗ್ಯಾರೇಜಿನಲ್ಲಿ ನಿಲ್ಲಿಸುತ್ತಿದ್ದಳು. ನಾನು ಎಲ್ಲ ನೋಡಿ ಗೀಟು ಎಳೆದು ಕೊಡುತ್ತಿದ್ದೆ. ಗಾಡಿ ಗೆರೆಯ ಪಕ್ಕದಲ್ಲಿ ಸ್ಟ್ಯಾಂಡ್ ಹಾಕಿಕೊಂಡು ದಿನವೆಲ್ಲ ನಿಂತಿದ್ದು ಸಂಜೆ ಮನೆಗೆ ಬರುತ್ತಿತ್ತು. ಹುಡುಗರು, "ಮೇಡಂ, ನೀವ್ಯಾವಾಗ?" ಎಂದರೆ, "ನಮ್ ಮೆಕ್ಯಾನಿಕ್ಕು ಬಂದಾಗ" ಎನ್ನುತ್ತಿದ್ದಳಂತೆ. ಬೇರೆ ಮೆಕ್ಯಾನಿಕ್‌ಗಳು ನಿಲ್ಲುತ್ತೇವೆ ಅಂದರೂ ಒಪ್ಪಲಿಲ್ಲ. ನೋಡದವನು ನಿಂತು ನೋಡಿದ್ದೇನೆ ಅಂದರೆ ಅದು ಸುಳ್ಳಾಗುತ್ತದೆ ಎಂಬುದು ಅವಳ ಲೆಕ್ಕ. ಹೀಗೇ ಒಂದು ವರ್ಷಕ್ಕೂ ಮೇಲಾಯಿತು.

ಆಮೇಲೆ ಅವಳಿಗೆ ಟಿ. ನರಸೀಪುರಕ್ಕೆ ವರ್ಗವಾಯಿತು. ಅಲ್ಲಿಯ ಹುಡುಗರೂ ಇದೇ ಬೇಕೆಂದು ಕೇಳಿದರಂತೆ. ಅವಳು ಅಲ್ಲಿಯೂ ಶುರು ಮಾಡಲು ಹೊರಟಳು. ಅದೇ ದಿನಗಳಲ್ಲಿ ಒಂದು ಸಂಜೆ ಬಿಳಿಗೆರೆ ಹುಡುಗ ನನ್ನ ಗ್ಯಾರೇಜಿಗೆ ಬಂದ. ಅವನ ಅಪ್ಪನ ಸ್ಕೂಟರಿನ ಬ್ರೇಕ್ ಕೇಬಲ್ ಸಡಿಲವಾಗಿತ್ತು. ನಾನು ಬಿಗಿ ಮಾಡುತ್ತಿದ್ದಾಗ ಅವನು ಅದೇ ಟೈರಿನ ಮೇಲೆ, ಕುಂಟುಗಾಲು ಚಾಚಿ ಕುಳಿತಿದ್ದ.

"ಗುರು, ಬೇಜಾರ್ ಮಾಡ್ಕಬೇಡಿ. ಆವತ್ತು ಬಿಚ್ಚಿ ಅಂದೋನು ನಾನೇ. ಅದ್ಕೇ ನಿಮ್ ಹೆಸರು ಹೇಳ್ಳಿಲ್ಲ."

ನಾನು ಕೇಬಲ್ಲಿನ ನಟ್ಟು ತಿರುಗಿಸುತ್ತಲೇ ಇದ್ದೆ.

"ಮೇಡಂ ಒಂದ್ ದಿನಾನೂ ನನ್ನ ಕೇಳಿಲ್ಲ. ಒಂದ್ಸಲ ನಾನೇ ಹೇಳಕ್ಕೋದೆ. ತಡುದ್ಬುಟ್ರು. 'ನೀ ಹೇಳ್ಬೇಡ ಕಣೋ, ಹೇಳೋರು ಹೇಳ್ತರೆ' ಅಂದ್ರು."

ಸ್ಪ್ಯಾನರ್ ಕೈಯಲ್ಲೇ ಇತ್ತು. ಅವಳು ಗಾಡಿಯನ್ನು ಪ್ರತಿ ಸಲ ನನ್ನ ಹತ್ತಿರವೇ ಏಕೆ ತರುತ್ತಿದ್ದಳು ಎಂಬುದು ಆಗ ನನಗೆ ಹೊಳೆಯಿತು. ನಾನು ಅವಳ ಅಣ್ಣ. ನನ್ನ ಬಾಯಿಯಿಂದ ಬರಬೇಕಾದ ಮಾತನ್ನು ಬೇರೆ ಯಾರ ಬಾಯಿಯಿಂದಲೂ ಕೇಳಲು ಅವಳು ಒಪ್ಪಿರಲಿಲ್ಲ. ನಮ್ಮ ಕಡೆ ಅಣ್ಣನಾದವನು ತಂಗಿಯ ಮುಂದೆ ತಗ್ಗುವುದಿಲ್ಲ. ಅವಳು ಅದನ್ನೂ ಬಲ್ಲವಳು. ಅದಕ್ಕೇ ಒಂದು ವರ್ಷ ದಾರಿ ಬಿಟ್ಟು ನಿಂತಿದ್ದಳು.

ನರಸೀಪುರದ ಓಟ ನಡೆದದ್ದು ಊರಾಚೆಯ ಒಂದು ಹೊಸ ಬಡಾವಣೆಯ ರಸ್ತೆಯಲ್ಲಿ. ಅಪ್ಪನ ಗಾಡಿ ಯಾವತ್ತಿನಂತೆ ಹಿಂದಿನ ದಿನ ನನ್ನ ಗ್ಯಾರೇಜಿಗೆ ಬಂದು ಹೋಗಿತ್ತು, ಬಾವುಟಕ್ಕೆ ಬಿಳಿಗೆರೆ ಹುಡುಗನನ್ನೇ ಅಲ್ಲಿಗೂ ಕರೆಸಿದ್ದಳು. ಆ ದಿನ ತಂಗಿ ಸೋತಳು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಗಾಡಿಯ ಉದ್ದದಷ್ಟು ಹಿಂದೆ ಬಂದಳು. ಗೆದ್ದ ಹುಡುಗನ ಜೊತೆ ನಗುತ್ತಾ, ಅಪ್ಪನ ಗಾಡಿ ತಳ್ಳಿಕೊಂಡು ಅಷ್ಟು ದೂರವೂ ನಡೆದು ಬಂದಳು. "ನಿಮ್ ಮೇಡಂ ಗಾಡಿ ಹಳೇದು ಕಣ್ರೋ, ಮೇಡಂ ಅಲ್ಲ" ಎಂದು ಎಲ್ಲರಿಗೂ ಹೇಳುತ್ತಿದ್ದಳು. ನಾನು ನೋಡಿದ ಹೆಂಗಸರಲ್ಲಿ, ಗಂಡಸರಲ್ಲಿ ಕೂಡ, ಹಾಗೆ ಸೋಲಬಲ್ಲವರು ಕಡಿಮೆ.

ಆದರೆ ಅದು ಆಮೇಲೆ ಆದದ್ದು. ಮೊದಲು ಅವಳ ಸರದಿ ಬಂದಾಗ ಅವಳು ಗಾಡಿಯ ಹತ್ತಿರ ಹೋಗಲೂ ಇಲ್ಲ, ಮೈಕ್ ಹಿಡಿದು ಮುಂದಿನ ಜೋಡಿಯನ್ನು ಕರೆಯತೊಡಗಿದ್ದಳು. ನಾನು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಅಪ್ಪನ ಗಾಡಿಯ ಸ್ಟ್ಯಾಂಡ್ ತೆಗೆದು, ಗೆರೆಯವರೆಗೆ ತಳ್ಳಿಕೊಂಡು ಬಂದು ನಿಲ್ಲಿಸಿದೆ. ಮೈಕಿನಲ್ಲಿ ಅವಳ ಮಾತು ಅರ್ಧಕ್ಕೆ ನಿಂತಿತು. ಗಾಡಿಯ ಹತ್ತಿರ ಬಂದಳು. ಹೆಲ್ಮೆಟ್ ಹಾಕಿ ಕುಳಿತಳು. ಕಿಕ್ ಹೊಡೆದಳು. ಬಾವುಟದ ಹುಡುಗ ನನ್ನನ್ನೇ ನೋಡುತ್ತಿದ್ದ.

ನಾನು ಟ್ಯಾಂಕಿನ ಮೇಲೆ ಕೈಯಿಟ್ಟೆ.

"ಆಫ್ ಮಾಡವ್ವ" ಎಂದೆ. "ಸ್ಟ್ಯಾಂಡ್ ಹಾಕು. ಮಾತದೆ."

ಅವಳು ಹೆಲ್ಮೆಟ್ಟಿನ ಗಾಜು ಎತ್ತಿ ನೋಡಿದಳು. ಎಂಜಿನ್ ಆಫ್ ಮಾಡಿದಳು. ಇಳಿದು ಸ್ಟ್ಯಾಂಡ್ ಹಾಕಿದಳು.

"ಈ ಗಾಡಿ ನಾ ನೋಡಿವ್ನಿ. ಎರಡೂ ಬ್ರೇಕ್ ಹಿಡೀತದೆ" ಎಂದು ಕೂಗಿ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಬಾವುಟದ ಹುಡುಗನ ಕಾಲಿನ ಕಡೆ ನೋಡಿದೆ. "ಇನ್ನೊಂದ್ ಗಾಡಿದೂ ಹೇಳ್ಬೇಕು. ಈ ಹುಡುಗುನ್ ಗಾಡಿಲಿ ಮುಂದಿನ ಬ್ರೇಕ್ ಬಿಚ್ಚಿದೋನು ನಾನು. ಪೊಲೀಸ್ರು ಕೇಳ್ದಾಗ ಇಲ್ಲ ಅಂದೆ. ನನ್ ತಂಗಿ ಕೇಳ್ದಾಗ ಇಲ್ಲ ಅಂದೆ. ಠಾಣೆಗೆ ಕರುದ್ರೆ ಬಂದು ಇದ್ನೇ ಹೇಳ್ತೀನಿ."

ಮುಂದಿನ ಮಾತಿಗೆ ಜೋರು ಸಾಲಲಿಲ್ಲ. ಅದು ಜನಕ್ಕಲ್ಲ, ಅವಳಿಗೆ. ಆದರೂ ಬಾಯಿಬಿಟ್ಟೇ ಹೇಳಿದೆ.

"ಆವತ್ತು ನೀ ಗೆರೆ ಮ್ಯಾಲೆ ಕಾಯ್ತಾ ಇದ್ದಾಗ ನಾ ಅಲ್ಲೇ ಇದ್ದೆ ಕಣವ್ವ. ಎಳ್ನೀರ್ ಗಾಡಿ ಹಿಂದೆ ಬಚ್ಚಿಟ್ಕಂಡಿದ್ದೆ. ತಪ್ಪಾಯ್ತು."